ಹತ್ತನೆಯವರು ಬರಬೇಕಾ, ಬೇಡವಾ? ಕೊರೊನಾ ಕಾಲದ ಯಹೂದಿ ಪ್ರಾರ್ಥನೆ ಬಗ್ಗೆ ಒಂದು ಪ್ರಶ್ನೆ

ಹಿತ್ತಲಮನೆ · ಭಾನುವಾರ ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಆರ್ಥಡಾಕ್ಸ್, ಅಂದರೆ ಸಂಪ್ರದಾಯಸ್ಥ ಯಹೂದಿ ಮನೆಗಳು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಅವರು ಕಾರು ಮುಟ್ಟುವುದಿಲ್ಲ, ಅದು ಶಬ್ಬಾತ್ ಅನ್ನೋ ವಿಶ್ರಾಂತಿ ದಿನ. ಹಾಗಾಗಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನಡೆದು ಹೋಗುವಷ್ಟು ದೂರದಲ್ಲೇ ಮನೆ ಮಾಡಿರುತ್ತಾರೆ.

2020ರ ಏಪ್ರಿಲ್‌ನಲ್ಲಿ ಪಕ್ಕದ ಮನೆಯವರ ಅಪ್ಪ ಕೊರೊನಾದಿಂದ ತೀರಿಕೊಂಡರು. ಮಣ್ಣು ಮಾಡುವಾಗ ಇವರು ಕಾರಿನೊಳಗೇ ಕೂತು ಗಾಜಿನಿಂದ ನೋಡಿದರಂತೆ. ಅದಾದ ಮೇಲೆ ದಿನಾ ಸಂಜೆ ಡ್ರೈವ್‌ವೇಯಲ್ಲಿ ಒಬ್ಬರೇ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಗುಣುಗುಣು ಅಂತ ಓದುತ್ತಾ ಒಂದು ಕಡೆ ಬಂದು ನಿಂತುಬಿಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ನೆ ಪುಸ್ತಕ ನೋಡುತ್ತಿದ್ದರು. ಆಮೇಲೆ ಪುಟ ತಿರುಗಿಸಿ ಮುಂದಕ್ಕೆ ಹೋಗುತ್ತಿದ್ದರು.

ಮೊನ್ನೆ ಇಬ್ಬರೂ ಎಲೆ ಗುಡಿಸುವಾಗ ಯಾಕೆ ಅಂತ ಕೇಳಿದೆ. ಅದು ಕದ್ದಿಶ್ ಬರುವ ಜಾಗವಂತೆ. ಅಪ್ಪ ಅಮ್ಮ ಹೋದರೆ ಮಕ್ಕಳು 11 ತಿಂಗಳು ದಿನಾ ಹೇಳಬೇಕಾದ ಪ್ರಾರ್ಥನೆ. ಆದರೆ ಒಬ್ಬರೇ ಹೇಳುವ ಹಾಗಿಲ್ಲ. 13 ದಾಟಿದ ಹತ್ತು ಗಂಡಸರು ಒಂದೆಡೆ ಸೇರಿರಬೇಕು. ಅದಕ್ಕೆ ಮಿನ್ಯಾನ್ ಅಂತಾರೆ. ನೀವು ಹೇಳಿದ್ದಕ್ಕೆ ‘ಆಮೆನ್’ ಅನ್ನೋರು ಇರಬೇಕು. ಇವರಿಗೆ ಆಗ ಯಾರೂ ಇರಲಿಲ್ಲ. ಅದಕ್ಕೇ ಆ ಪುಟ ಹಾರಿಸುತ್ತಿದ್ದರು.

ನನಗೆ ವಿಚಿತ್ರ ಅನಿಸಿದ್ದು ಬೇರೆ. ಇದನ್ನು ನಿಲ್ಲಿಸಿದ್ದು ಸರ್ಕಾರ ಅಲ್ಲ, ಅವರದೇ ಧರ್ಮಗುರುಗಳಾದ ರಬ್ಬಿಗಳು. ಬರ್ಗನ್ ಕೌಂಟಿಯ ರಬ್ಬಿಗಳ ಕೂಟ 2020ರ ಮಾರ್ಚ್ 12ಕ್ಕೇ ಸಿನಗಾಗ್ ಮುಚ್ಚಿ ಅಂದಿತು. ಮನೆಗಳಲ್ಲೂ ಹತ್ತು ಜನ ಸೇರಬೇಡಿ ಅಂದಿತು. ಮನೆಯಲ್ಲೇ ಇರಿ ಅಂತ ರಾಜ್ಯದ ಆದೇಶ ಬಂದದ್ದು 21ಕ್ಕೆ. ನಡುವೆ 16ನೇ ತಾರೀಖು ವೈಟ್ ಹೌಸ್ ಹೇಳಿದ್ದು ‘10ಕ್ಕಿಂತ ಜಾಸ್ತಿ ಜನ ಸೇರಬೇಡಿ’ ಅಂತ. ಮಿನ್ಯಾನ್‌ಗೆ ಬೇಕಾಗಿರೋದೂ ಸರಿಯಾಗಿ ಹತ್ತೇ! ಹೊರಗೆ ಹುಲ್ಲಿನ ಮೇಲೆ ದೂರ ದೂರ ನಿಂತಿದ್ದರೆ ಏನಾಗ್ತಿತ್ತು? ಅಪ್ಪನಿಗೆ ಮಾಡಬೇಕಾದ್ದನ್ನು ಮಾಡಲಾಗದೆ ಹೋದ ಆ ಮನುಷ್ಯನ ಮುಖ ನೋಡಿದರೆ ಅಷ್ಟು ಬಿಗಿ ಬೇಕಿತ್ತಾ ಅನಿಸುತ್ತೆ. ಗೊತ್ತಿರುವವರು ಹೇಳಿ.

ಬಿಸಿಲುಕುದುರೆ · 8:31

ಜೀವ ಇದ್ದರೆ ತಾನೇ ಪ್ರಾರ್ಥನೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಗುರುಗಳೇ?

ಹಳೇಪುಟ · 9:05

ಬಿಸಿಲುಕುದುರೆ, ನೀವು ಹೇಳಿದ್ದನ್ನೇ ಅವರ ಶಾಸ್ತ್ರವೂ ಹೇಳುತ್ತೆ. ಅದಕ್ಕೇ ಚರ್ಚೆ ಕಷ್ಟ ಆಗೋದು.

ಪಿಕುವಾಖ್ ನೆಫೆಶ್ ಅಂತ ಒಂದು ನಿಯಮ ಇದೆ. ಜೀವ ಉಳಿಸೋಕೆ ಬೇಕಾದರೆ ಶಬ್ಬಾತ್ ಮುರೀಬಹುದು, ಉಪವಾಸ ಮುರೀಬಹುದು. ಮುರೀಬಹುದು ಏನು, ಮುರೀಲೇಬೇಕು. ವಿಗ್ರಹಾರಾಧನೆ, ಕೊಲೆ, ನಿಷಿದ್ಧ ಲೈಂಗಿಕ ಸಂಬಂಧ, ಈ ಮೂರನ್ನು ಬಿಟ್ಟರೆ ಉಳಿದ ಯಾವ ನಿಯಮವೂ ಜೀವಕ್ಕಿಂತ ದೊಡ್ಡದಲ್ಲ. ಈ ಆಜ್ಞೆಗಳನ್ನು ಪಾಲಿಸಿ ಮನುಷ್ಯ ಬದುಕಬೇಕು ಅಂತ ಅವರ ಧರ್ಮಗ್ರಂಥ ತೋರಾದ ಯಾಜಕಕಾಂಡದಲ್ಲಿ ಬರುತ್ತೆ. ಬದುಕಬೇಕು ಅಂದಿದೆ, ಸಾಯಬೇಕು ಅಂದಿಲ್ಲ ಅಂತ ತಲ್ಮುದ್ ಅನ್ನೋ ಹಳೇ ವ್ಯಾಖ್ಯಾನ ಗ್ರಂಥ ಅದಕ್ಕೆ ಅರ್ಥ ಹೇಳುತ್ತೆ. ಇನ್ನೊಂದು ಕಡೆ ಅದೇ ತಲ್ಮುದ್, ಊರಿಗೆ ಪಿಡುಗು ಬಂದರೆ ಕಾಲು ಮನೆಯೊಳಗೆ ಇಟ್ಕೋ ಅನ್ನುತ್ತೆ. ಲಾಕ್‌ಡೌನ್ ಅನ್ನೋ ಪದ ಹುಟ್ಟೋಕೆ ಎಷ್ಟು ಮೊದಲು ನೋಡಿ.

ಇನ್ನು ಹಿತ್ತಲಮನೆಯವರು ಕೇಳಿದ ‘ಸ್ವಲ್ಪ ಜನ ಸೇರಬಹುದಿತ್ತಲ್ಲ’ ಅನ್ನೋದು. 1831ರಲ್ಲಿ ಪೋಸೆನ್ ಊರಿಗೆ ಕಾಲರಾ ಬಂತು. ಈಗ ಅದು ಪೋಲೆಂಡಿನ ಪೊಜ್ನಾನ್, ಆಗ ಪ್ರಷ್ಯಾದ ಆಳ್ವಿಕೆ. ಅಲ್ಲಿನ ರಬ್ಬಿ ಅಕೀವಾ ಐಗರ್. ಅವರು ಸಿನಗಾಗ್ ಪೂರ್ತಿ ಮುಚ್ಚಲಿಲ್ಲ. ಒಂದು ಸಲಕ್ಕೆ 15 ಜನ, ಅಷ್ಟೇ. ಬೆಳಕು ಹರಿಯುವಾಗ ಮೊದಲ ತಂಡ, ಅದು ಮುಗಿದ ಮೇಲೆ ಇನ್ನೊಂದು. ನೂಕುನುಗ್ಗಲು ಆಗದ ಹಾಗೆ ನೋಡ್ಕೊಳ್ಳೋಕೆ ಪೊಲೀಸರನ್ನೇ ಕರೆಸಿ ಅಂದರು. ತಮ್ಮ ಜನರ ಮೇಲೆ ಅವರಿಗೆ ಎಷ್ಟು ನಂಬಿಕೆ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತೆ 😀 ಆಮೇಲೆ ಪ್ರಷ್ಯಾದ ರಾಜನಿಂದ ಅವರಿಗೆ ಮೆಚ್ಚುಗೆಯ ಪತ್ರ ಬಂತು.

1848ರಲ್ಲಿ ಈಗಿನ ಲಿಥುವೇನಿಯಾದ ವಿಲ್ನಾದಲ್ಲಿ ಮತ್ತೆ ಕಾಲರಾ. ರಬ್ಬಿ ಇಸ್ರೇಲ್ ಸಲಾಂತರ್ ಯೋಮ್ ಕಿಪ್ಪುರ್ ದಿನವೇ ಜನಕ್ಕೆ ಊಟ ಮಾಡಿ ಅಂದರು. ವರ್ಷದ ಅತಿ ಪವಿತ್ರ ದಿನ ಅದು, 25 ಗಂಟೆ ನೀರೂ ಕುಡಿಯದ ಉಪವಾಸ. ಜನ ಹಿಂಜರಿದಾಗ ತಾವೇ ಎಲ್ಲರೆದುರು ತಿಂದು ತೋರಿಸಿದರು ಅನ್ನೋ ಕಥೆಯೂ ಇದೆ. ಹೇಳುವವರ ಬಾಯಲ್ಲಿ ಆ ಕಥೆ ಒಂದೊಂದು ರೂಪ ಪಡೆಯುತ್ತೆ, ಅದನ್ನು ಅಲ್ಲಿಗೇ ಬಿಡೋಣ.

ಹಿತ್ತಲಮನೆ · 9:20

ಪೋಸೆನ್‌ನಲ್ಲಿ 15 ಜನಕ್ಕೆ ಬಿಟ್ಟರು ಅಂದಮೇಲೆ ನನ್ನ ಪ್ರಶ್ನೆ ಹಾಗೇ ಉಳೀತಲ್ಲ ಸರ್?

ದಾವಣಗೆರೆ ಡಾಕ್ಟ್ರು · 9:48

ಕಾಲರಾ ನೀರಿನಿಂದ ಬರೋದು. ಕೊರೊನಾ ಉಸಿರಿನಿಂದ. ಆ 15ನ್ನು ತಂದು ಇಲ್ಲಿ ಕೂರಿಸೋಕಾಗಲ್ಲ. 1831ರಲ್ಲಿ ಕಾಲರಾ ಹೇಗೆ ಹರಡುತ್ತೆ ಅನ್ನೋದೂ ಯಾರಿಗೂ ಗೊತ್ತಿರಲಿಲ್ಲ. ಆದರೂ ಗುಂಪು ಒಡೆದರಲ್ಲ, ಅದಕ್ಕೆ ಮಾರ್ಕ್ಸ್ ಕೊಡಬೇಕು.

2020ರ ಮಾರ್ಚ್ 10ರಂದೇ ಅಮೆರಿಕದಲ್ಲಿ ನಡೆದ ಎರಡು ವಿಷಯ ಹೇಳ್ತೀನಿ. ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಅನ್ನೋ ಕಡೆ ಒಂದು ಗಾಯನ ತಂಡದವರು ಅಭ್ಯಾಸಕ್ಕೆ ಸೇರಿದರು. ಬಂದವರು 61 ಜನ. ಒಬ್ಬರಿಗೆ ನೆಗಡಿ ಥರ ಇತ್ತು. ಕೊನೆಗೆ ಲೆಕ್ಕ ಹಾಕಿದರೆ 53 ಜನಕ್ಕೆ ಕಾಯಿಲೆ, ಇಬ್ಬರು ಹೋದರು. ಎರಡೂವರೆ ಗಂಟೆ ಒಂದೇ ಹಾಲ್‌ನಲ್ಲಿ ಹಾಡಿದ್ದು, ಅಷ್ಟೇ. ಸಿನಗಾಗ್‌ನಲ್ಲೂ ಅದೇ ಅಲ್ವಾ? ಗಟ್ಟಿಯಾಗಿ ಹಾಡೋದು, ಒಬ್ಬರ ಪಕ್ಕ ಒಬ್ಬರು, ತೋರಾ ಸುರುಳಿ ಹೊತ್ತು ತಂದಾಗ ಎಲ್ಲರೂ ಮುಟ್ಟಿ ಮುತ್ತಿಡೋದು, ಕೊನೆಗೆ ಒಟ್ಟಿಗೆ ತಿಂಡಿ.

ಅದೇ ದಿನ ನ್ಯೂಯಾರ್ಕ್ ರಾಜ್ಯ ನ್ಯೂ ರೊಶೆಲ್ ಊರಿನಲ್ಲಿ ಒಂದು ಸಿನಗಾಗ್ ಸುತ್ತ ಒಂದು ಮೈಲಿ ವೃತ್ತ ಎಳೆದು, ಅದರೊಳಗಿನ ಶಾಲೆ, ಪ್ರಾರ್ಥನಾ ಮಂದಿರ ಎಲ್ಲ ಮುಚ್ಚೋದಾಗಿ ಹೇಳಿತು. ಅಲ್ಲಿಂದ ಹಿತ್ತಲಮನೆಯವರ ಊರು ಕಾರಿನಲ್ಲಿ ಅರ್ಧ ಗಂಟೆ ಇರಬಹುದು. ಎರಡೇ ದಿನಕ್ಕೆ ನಿಮ್ಮ ರಬ್ಬಿಗಳು ಮುಚ್ಚಿದರು ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಬಯಲಲ್ಲಿ ಅಪಾಯ ತುಂಬ ಕಮ್ಮಿ ಅನ್ನೋದು ನಮಗೆ ಧೈರ್ಯವಾಗಿ ಹೇಳೋಕೆ ಆಗಿದ್ದು ಆಮೇಲೆ. ಮಾರ್ಚ್‌ನಲ್ಲಿ ನಾವು ಡಾಕ್ಟರುಗಳೇ ತರಕಾರಿ ಸೋಪಿನಲ್ಲಿ ತೊಳೀತಿದ್ದೆವು.

ಕಡಲತೀರ · 11:15

ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ. ನಮ್ಮನ್ನು ಮೆತಪೆಲೆತ್ ಅಂತ ಕರೀತಾರೆ. ಆಗ ನಾನು ಪೆತಾಖ್ ತಿಕ್ವಾದಲ್ಲಿ ಒಬ್ಬ ಅಜ್ಜನ ಮನೆಯಲ್ಲಿದ್ದೆ. 88 ವರ್ಷ, ವೀಲ್‌ಚೇರ್. ‘ಸಬಾ’ ಅಂತ ಕರೀತಿದ್ದೆ, ಅಂದರೆ ಅಜ್ಜ.

ಮಾರ್ಚ್ ಕೊನೆಗೆ ಸಿನಗಾಗ್ ಎಲ್ಲ ಬಂದ್. ಮನೆಯಿಂದ 100 ಮೀಟರ್ ಆಚೆ ಹೋಗುವ ಹಾಗಿಲ್ಲ. ನನಗೂ ವಾರದ ರಜೆ ಇಲ್ಲ, ಜಾಫಾದ ಇಗರ್ಜಿಗೆ ಪೂಜೆಗೆ ಹೋಗುವುದೂ ಇಲ್ಲ. ನಾನು ಮೊಬೈಲಿನಲ್ಲಿ ಊರಿನ ಪೂಜೆ ನೋಡುತ್ತಿದ್ದೆ. ಸಬಾನಿಗೆ ಅದೂ ಇಲ್ಲ. ಶಬ್ಬಾತ್ ದಿನ ಅವರು ಲೈಟಿನ ಸ್ವಿಚ್ಚೇ ಮುಟ್ಟುವುದಿಲ್ಲ, ಮೊಬೈಲು ಎಲ್ಲಿಂದ?

ಏಪ್ರಿಲ್‌ನಲ್ಲಿ ಪೆಸಾಖ್ ಹಬ್ಬ ಕಳೆದು ಒಂದು ವಾರಕ್ಕೆ ಅವರ ಅಮ್ಮನ ಯಾರ್ಟ್ಸೈಟ್ ಬಂತು. ನಿಮಗೆ ಅರ್ಥ ಆಗಬೇಕಾದರೆ ವರ್ಷದ ತಿಥಿ ಅನ್ನಿ. ಅದೂ ಚಂದ್ರನ ಲೆಕ್ಕದ್ದೇ. ಹಿಂದಿನ ಸಂಜೆ ಗಾಜಿನ ಲೋಟದಲ್ಲಿ 24 ಗಂಟೆ ಉರಿಯುವ ಮೇಣದ ದೀಪ ಹಚ್ಚುತ್ತಾರೆ. ಆ ದಿನ ಕದ್ದಿಶ್ ಹೇಳಬೇಕು. ‘60 ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ’ ಅಂತ ಬೆಳಿಗ್ಗೆಯಿಂದ ನನ್ನ ತಲೆ ತಿಂದರು ಮಾರಾಯ್ರೇ. ಹೊರಗೆ 19 ಜನ ಸೇರಿ ಪ್ರಾರ್ಥನೆ ಮಾಡಬಹುದು ಅಂತ ಆಗಷ್ಟೇ ಬಿಟ್ಟಿದ್ದರು. ಆದರೆ ಅಪ್ಪನನ್ನು ಕೆಳಗೆ ಇಳಿಸಲೇಬೇಡ ಅಂತ ಮಗಳು ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು. ಲಿಫ್ಟು ಅಂದರೆ ಒಂದು ಬೀರುವಿನಷ್ಟು. ವೀಲ್‌ಚೇರ್ ಹೋದರೆ ನಾನು ಗೋಡೆಗೆ ಅಂಟಬೇಕು.

ಕೊನೆಗೆ ಕೆಳಗಿನ ಮನೆಯವರು ಬಾಲ್ಕನಿ ಮಿನ್ಯಾನ್ ಮಾಡುವ ಅಂದರು. ನಮ್ಮದು ನಾಲ್ಕು ಮಹಡಿ, ನಡುವೆ ಅಂಗಳ, ಅಂಗಳದಲ್ಲಿ ಒಂದು ಲಿಂಬೆ ಗಿಡ. ಎಲ್ಲರೂ ಅವರವರ ಬಾಲ್ಕನಿಯಲ್ಲಿ. ಎಣಿಸಿದರು. ಒಂಬತ್ತು!

ಎದುರಿನ ಕಟ್ಟಡದಲ್ಲಿ ಒಬ್ಬರು ಕಿಟಕಿಯಿಂದ ‘ನಾನಿದ್ದೇನೆ’ ಅಂತ ಕೈ ಎತ್ತಿದರು. ‘ನಡುವೆ ಸಾರ್ವಜನಿಕ ದಾರಿ ಉಂಟು, ನೀವು ಲೆಕ್ಕಕ್ಕಿಲ್ಲ’ ಅಂತ ಎರಡನೇ ಮಹಡಿಯವರು. ‘ಮುಖ ಕಾಣ್ತದಲ್ಲ, ಸಾಕು’ ಅಂತ ಕೆಳಗಿನವರು. ಅಷ್ಟರಲ್ಲಿ ಸೂರ್ಯ ಇಳೀತಾ ಉಂಟು. ಸಬಾ ಕಂಬಿ ಹಿಡಿದುಕೊಂಡು ನಡುಗುತ್ತಾ ಕೂತಿದ್ದಾರೆ.

ಮೂರನೇ ಮಹಡಿಯಲ್ಲಿ ಒಬ್ಬರಿದ್ದರು. ದೇವರು ದಿಂಡರು ಒಂದೂ ಇಲ್ಲದ ಜನ. ಬನಿಯನ್ ಹಾಕಿಕೊಂಡು ಸಿಗರೇಟು ಸೇದುತ್ತಾ ಈ ಜಗಳ ನೋಡುತ್ತಿದ್ದರು. ಕೆಳಗಿನವರು ಮೇಲೆ ನೋಡಿ ‘ನೀವು ಏನೂ ಓದುವುದು ಬೇಡ, ಅಲ್ಲೇ ನಿಲ್ಲಿ, ಸಾಕು’ ಅಂದರು. ಅವರು ಒಂದು ನಿಮಿಷ ಸುಮ್ಮನಿದ್ದರು. ಸಿಗರೇಟು ಆರಿಸಿ ಒಳಗೆ ಹೋದರು. ಹೋದರು, ಇನ್ನು ಬರುವುದಿಲ್ಲ ಅಂತ ನಾನು. ಬನಿಯನ್ ಮೇಲೆ ಒಂದು ಟವೆಲ್, ತಲೆ ಮೇಲೆ ಯಾವುದೋ ಮದುವೆಯಲ್ಲಿ ಕೊಟ್ಟ ಬಿಳಿ ಟೋಪಿ ಇಟ್ಟುಕೊಂಡು ಹೊರಗೆ ಬಂದರು.

ಸಬಾ ಕದ್ದಿಶ್ ಹೇಳಿದರು. ಅವರ ಸ್ವರ ಅಷ್ಟು ದೂರ ಹೋಗುವುದಿಲ್ಲ, ಹಾಗಾಗಿ ಎಲ್ಲಿ ಆಮೆನ್ ಅನ್ನಬೇಕು ಅಂತ ಎರಡನೇ ಮಹಡಿಯವರು ಕೈ ಎತ್ತಿ ತೋರಿಸುತ್ತಿದ್ದರು.

ಹಿತ್ತಲಮನೆ · 11:26

ಅಕ್ಕಾ, ಇದನ್ನು ಓದಿ ಕಣ್ಣು ಒದ್ದೆಯಾಯ್ತು. ಬಾಲ್ಕನಿಯಲ್ಲಿ ಆಗುತ್ತೆ ಅಂದರೆ ನಮ್ಮ ಬೀದಿಯಲ್ಲಿ ಯಾಕೆ ಆಗಬಾರದಿತ್ತು? ಇದನ್ನು ಪಕ್ಕದ ಮನೆಯವರಿಗೆ ಹೇಳಲೇಬೇಕು.

ಹಳೇಪುಟ · 11:52

ಕಡಲತೀರ ಅವರೇ, ಎರಡನೇ ಮಹಡಿಯವರ ಜಗಳ ಸುಮ್ನೆ ತರಲೆ ಅಲ್ಲ. 16ನೇ ಶತಮಾನದ ಶುಲ್ಖನ್ ಆರುಖ್ ಅನ್ನೋ ನಿಯಮಗಳ ಪುಸ್ತಕದಲ್ಲೇ ಇದು ಬರುತ್ತೆ. ಹತ್ತು ಜನ ಒಂದೇ ಜಾಗದಲ್ಲಿರಬೇಕು. ಆದರೆ ಸಿನಗಾಗ್ ಹಿಂದೆ ನಿಂತವನು ಕಿಟಕಿಯಿಂದ ಮುಖ ತೋರಿಸಿದರೆ, ಆ ಕಿಟಕಿ ಎಷ್ಟೇ ಎತ್ತರದಲ್ಲಿದ್ದರೂ, ಅವನನ್ನೂ ಎಣಿಸಬಹುದು. ನಿಮ್ಮ ಬಾಲ್ಕನಿಗೆ ಇದೇ ಆಧಾರ. ನಡುವೆ ದಾರಿ ಬಂದರೆ ಕೂಡಲ್ಲ ಅನ್ನೋ ವಾದವೂ ಹಳೆಯದೇ.

ಕೈ ಎತ್ತಿ ತೋರಿಸಿದ್ದಂತೂ ಇನ್ನೂ ಹಳೆಯದು! ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎಷ್ಟು ದೊಡ್ಡ ಸಿನಗಾಗ್ ಇತ್ತು ಅಂದರೆ ಹಿಂದಿನವರಿಗೆ ಧ್ವನಿಯೇ ಕೇಳುತ್ತಿರಲಿಲ್ಲ ಅಂತ ತಲ್ಮುದ್ ಹೇಳುತ್ತೆ. ನಡುವಿನ ಕಟ್ಟೆ ಮೇಲೆ ಒಬ್ಬ ನಿಂತು ಬಟ್ಟೆ ಬೀಸುತ್ತಿದ್ದ. ಬೀಸಿದಾಗ ಎಲ್ಲರೂ ಆಮೆನ್.

ಸೀದಾಮಾತು · 12:30

ಬರೀ ಒಳ್ಳೆಯವರ ಕಥೆ ಆಯ್ತು. 2020ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲಿ ರಸ್ತೆ ಮಧ್ಯೆ ಮಾಸ್ಕ್ ರಾಶಿ ಹಾಕಿ ಸುಟ್ಟರಲ್ಲ, ಅವರೂ ಇದೇ ಜನ ತಾನೇ? ಇಸ್ರೇಲಿನಲ್ಲಿ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳೇ ತುಂಬಿರೋ ಬ್ನೇ ಬ್ರಾಕ್ ಊರಿಗೆ ದಿಗ್ಬಂಧನ ಹಾಕಬೇಕಾಗಿ ಬಂದದ್ದು ಯಾಕೆ?

ಲಾ ಪಾಯಿಂಟ್ · 1:14

ಸೀದಾಮಾತು, ಮಾಸ್ಕ್ ಸುಟ್ಟಿದ್ದು ನಿಜ, ಬ್ನೇ ಬ್ರಾಕ್ ಕೂಡ ನಿಜ. ‘ಇದೇ ಜನ’ ಅನ್ನೋದು ಮಾತ್ರ ನಿಜ ಅಲ್ಲ. ಹಿತ್ತಲಮನೆಯವರ ಪಕ್ಕದ ಮನೆಯವರೂ ಯಹೂದಿಯೇ, ರಾಜ್ಯಕ್ಕಿಂತ ಒಂಬತ್ತು ದಿನ ಮೊದಲೇ ಬಾಗಿಲು ಹಾಕಿದವರ ಪೈಕಿ. 2020ರ ಏಪ್ರಿಲ್‌ನಲ್ಲಿ ವಿಲಿಯಮ್ಸ್‌ಬರ್ಗ್‌ನಲ್ಲಿ ಒಬ್ಬ ರಬ್ಬಿಯ ಶವಯಾತ್ರೆಗೆ ಭಾರಿ ಜನ ಸೇರಿದಾಗ ನ್ಯೂಯಾರ್ಕ್ ಮೇಯರ್ ಡಿ ಬ್ಲಾಸಿಯೊ ‘ಯಹೂದಿ ಸಮುದಾಯಕ್ಕೆ’ ಅಂತ ಸೇರಿಸಿಯೇ ಟ್ವಿಟರಿನಲ್ಲಿ ಎಚ್ಚರಿಕೆ ಕೊಟ್ಟು ಪೇಚಿಗೆ ಸಿಕ್ಕಿಕೊಂಡರು. ಒಂದು ಗುಂಪಿನ ತಪ್ಪಿಗೆ ಇಡೀ ಸಮುದಾಯದ ಕಡೆ ಬೆರಳು. 2020ರಲ್ಲಿ ನಮ್ಮ ದೇಶದಲ್ಲೂ ಇದನ್ನು ನೋಡಿದ್ದೇವೆ, ಬಿಡಿಸಿ ಹೇಳಬೇಕಾಗಿಲ್ಲ.

ಬರೋ ಪಾರ್ಕ್ ಸಿಟ್ಟಿಗೆ ಒಂದು ಹಿನ್ನೆಲೆ ಇದೆ. ಸಿಟ್ಟು ಸರಿ ಅಂತಲ್ಲ, ಹಿನ್ನೆಲೆ ಹೇಳ್ತಿದ್ದೀನಿ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಗವರ್ನರ್ ಕ್ಯೂಮೊ ಕೊರೊನಾ ಕೇಸು ಜಾಸ್ತಿ ಇರೋ ಕಡೆ ಬಣ್ಣದ ವಲಯ ಮಾಡಿದರು. ಕೆಂಪು ವಲಯದಲ್ಲಿ ಪ್ರಾರ್ಥನೆಗೆ 10 ಜನ, ಕಿತ್ತಳೆಯಲ್ಲಿ 25. ಸಾವಿರ ಜನ ಹಿಡಿಸೋ ಕಟ್ಟಡಕ್ಕೂ ಅದೇ 10. ಪಕ್ಕದಲ್ಲಿ ‘ಅಗತ್ಯ’ ಅನ್ನೋ ಪಟ್ಟಿಯಲ್ಲಿರೋ ಅಂಗಡಿಗೆ ಆ ಥರ ತಲೆ ಲೆಕ್ಕ ಇಲ್ಲ. ಅಗುದತ್ ಇಸ್ರೇಲ್ ಅನ್ನೋ ಆರ್ಥಡಾಕ್ಸ್ ಸಂಸ್ಥೆ, ಬ್ರೂಕ್ಲಿನ್‌ನ ಕ್ಯಾಥೊಲಿಕ್ ಡಯಾಸಿಸ್ (ಧರ್ಮಪ್ರಾಂತ್ಯ) ಎರಡೂ ಕೋರ್ಟಿಗೆ ಹೋದವು. ನವೆಂಬರ್ 25ರ ರಾತ್ರಿ ಸುಪ್ರೀಂ ಕೋರ್ಟ್ 5-4ರಲ್ಲಿ ಆ ಮಿತಿಗೆ ತಡೆ ಕೊಟ್ಟಿತು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಚರ್ಚ್ ಕೇಸಿನಲ್ಲಿ ಇದೇ ಕೋರ್ಟು 5-4ರಲ್ಲೇ ಸರ್ಕಾರದ ಪರ ನಿಂತಿತ್ತು. ನಡುವೆ ಒಬ್ಬ ನ್ಯಾಯಮೂರ್ತಿ ಬದಲಾಗಿದ್ದರು. ತಮಾಷೆ ಅಂದರೆ ತೀರ್ಪು ಬರುವ ಹೊತ್ತಿಗೆ ಆ ಬೀದಿಗಳು ಕೆಂಪು, ಕಿತ್ತಳೆ ಎರಡರಿಂದಲೂ ಹೊರಗೆ ಬಂದಿದ್ದವು. ಈಗ ತಡೆ ಯಾಕೆ ಬೇಕು ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಭಿನ್ನಮತ ಬರೆದರು.

ನನ್ನ ಪ್ರಕಾರ ಕೋರ್ಟು ಹೇಳಿದ್ದರಲ್ಲಿ ಹುರುಳಿದೆ. ಚಿಕ್ಕ ಕೋಣೆಗೂ ದೊಡ್ಡ ಸಭಾಂಗಣಕ್ಕೂ ಒಂದೇ ಸಂಖ್ಯೆ ಇಟ್ಟರೆ ಜನ ನಿಯಮವನ್ನೇ ನಂಬೋದು ಬಿಡ್ತಾರೆ.

ದಾವಣಗೆರೆ ಡಾಕ್ಟ್ರು · 1:40

ಕೋರ್ಟಿಗೆ ಗಾಳಿ ಲೆಕ್ಕ ಹೇಗೆ ಗೊತ್ತಾಗುತ್ತೆ ಸ್ವಾಮಿ? ಅಂಗಡಿಯಲ್ಲಿ ಯಾರೂ ಎರಡು ಗಂಟೆ ಕೂತು ಹಾಡಲ್ಲ.

ಲಾ ಪಾಯಿಂಟ್ · 1:43

ಒಪ್ಪಿದೆ. ಆದರೆ ಅದನ್ನು ಬರೆದು ವಿವರಿಸಬೇಕಾದ್ದು ಸರ್ಕಾರ ತಾನೇ.

ಜಯನಗರದ ಅಜ್ಜಿ · 3:05

ಮಕ್ಕಳೇ, ನಾನೂ ಎರಡು ಮಾತು ಸೇರಿಸಲಾ? ನನ್ನ ಸೊಸೆ ಯಹೂದಿ. ಬಾಸ್ಟನ್‌ನಲ್ಲಿದ್ದಾರೆ. 2020ರ ಫೆಬ್ರವರಿಯಲ್ಲಿ ಬಾಣಂತನಕ್ಕೆ ಅಂತ ಹೋದವಳು ವಿಮಾನ ನಿಂತು ವರ್ಷದ ಮೇಲೆ ಅಲ್ಲೇ ಉಳಿದುಬಿಟ್ಟೆ.

ಅವರದು ಕನ್ಸರ್ವೇಟಿವ್ ಪಂಗಡ. ಹೆಸರು ನೋಡಿ ಮಡಿವಂತರು ಅಂದುಕೊಳ್ಳಬೇಡಿ. ಆರ್ಥಡಾಕ್ಸ್‌ಗಿಂತ ಸಡಿಲ, ರಿಫಾರ್ಮ್ ಅನ್ನುವವರಿಗಿಂತ ಬಿಗಿ. ಅಲ್ಲಿ ಹತ್ತರ ಲೆಕ್ಕಕ್ಕೆ ಹೆಂಗಸರೂ ಸೇರುತ್ತಾರೆ. ನವೆಂಬರ್‌ನಲ್ಲಿ ಸೊಸೆಯ ತಂದೆ ಹೋದರು. ಆಗಿನಿಂದ ದಿನಾ ಬೆಳಿಗ್ಗೆ 7:30ಕ್ಕೆ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಮಗು ನನ್ನ ತೊಡೆ ಮೇಲೆ. ಪರದೆ ಮೇಲೆ ಚೌಕ ಚೌಕ ಮುಖಗಳು.

ಮೊದಲು ಎಣಿಸುತ್ತಿದ್ದರು. ಒಬ್ಬರು ಹಾಸಿಗೆಯಿಂದ ಎದ್ದ ಹಾಗೇ ಇದ್ದು ಕ್ಯಾಮೆರಾ ಆಫ್ ಮಾಡಿರುತ್ತಿದ್ದರು. ‘ದಯವಿಟ್ಟು ಮುಖ ತೋರಿಸಿ, ಒಬ್ಬರು ಕಮ್ಮಿ ಇದ್ದೇವೆ’ ಅಂತ ನಡೆಸುವವರು ಗೋಗರೆಯುವುದು. ಮುಖ ಕಂಡರೇ ಲೆಕ್ಕ. ನನ್ನನ್ನೂ ನೋಡಿ ಒಬ್ಬರು ‘ಹತ್ತಾಯ್ತು’ ಅಂದುಬಿಟ್ಟರು ಒಂದು ದಿನ. ಸೊಸೆ ನಗುತ್ತಾ ‘ಅವರು ನಮ್ಮತ್ತೆ, ಬೆಂಗಳೂರಿನವರು’ ಅಂದಳು.

ಆಮೆನ್ ಮಾತ್ರ ಒಟ್ಟಿಗೆ ಬರುತ್ತಲೇ ಇರಲಿಲ್ಲ. ಒಬ್ಬರದು ಈಗ, ಇನ್ನೊಬ್ಬರದು ಆಮೇಲೆ. ಕೊನೆಗೆ ಎಲ್ಲರನ್ನೂ ಮ್ಯೂಟ್ ಮಾಡಿ ಕದ್ದಿಶ್ ಹೇಳುವವರ ಧ್ವನಿ ಒಂದೇ ಇಟ್ಟರು. ಅಷ್ಟು ಬಾಯಿಗಳು ಅಲುಗಾಡುತ್ತವೆ, ಶಬ್ದ ಇಲ್ಲ. ಅದನ್ನು ನೋಡಿದಾಗ ಮೊದಲ ಸಲ ಅವಳು ಅತ್ತಳು. ಅಲ್ಲಿಯವರೆಗೂ ಅತ್ತಿರಲಿಲ್ಲ.

ಹಳೇಪುಟ · 3:34

ಅಮ್ಮಾ, ನಿಮ್ಮ ಸೊಸೆಯವರ ಪಂಗಡದ ಶಾಸ್ತ್ರ ಸಮಿತಿ 2001ರಲ್ಲಿ ಹೇಳಿದ್ದು ಬೇರೆ. ಹತ್ತು ಜನ ಒಂದು ಕಡೆ ಇದ್ದರೆ ಉಳಿದವರು ದೂರದಿಂದ ಕೂಡಿಕೊಳ್ಳಬಹುದು, ಆದರೆ ಆ ಹತ್ತನ್ನು ಇಂಟರ್ನೆಟ್ ಮೇಲೆ ಸೇರಿಸೋ ಹಾಗಿಲ್ಲ ಅಂತ. 2020ರ ಮಾರ್ಚ್‌ನಲ್ಲಿ ಸಮಿತಿಯ ರಬ್ಬಿಗಳಾದ ಎಲಿಯಟ್ ಡಾರ್ಫ್ ಮತ್ತು ಪಮೇಲಾ ಬರ್ಮಾಶ್ ‘ಇದು ತುರ್ತು ಕಾಲ’ ಅಂತ ಹೇಳಿ ಪರದೆ ಮೇಲಿನ ಹತ್ತಕ್ಕೂ ದಾರಿ ಬಿಟ್ಟರು. ಒಬ್ಬರಿಗೊಬ್ಬರು ಕಾಣಬೇಕು, ಕೇಳಬೇಕು. ನಿಮ್ಮ ‘ಮುಖ ತೋರಿಸಿ’ ಬಂದದ್ದು ಅಲ್ಲಿಂದ.

ಆರ್ಥಡಾಕ್ಸ್‌ನವರು ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಪರದೆಯಲ್ಲಿ ಪಾಠ ಕೇಳಿ, ದುಃಖದ ಮನೆಯವರನ್ನು ಮಾತಾಡಿಸಿ, ಹತ್ತು ಎಣಿಸಬೇಡಿ. ಇಸ್ರೇಲಿನಲ್ಲಿ ಅದೇ ವರ್ಷ ಪೆಸಾಖ್‌ಗೆ ಮೊರೊಕ್ಕೊ ಮೂಲದ ಕೆಲವು ರಬ್ಬಿಗಳು, ಒಂಟಿಯಾಗಿರುವ ಮುದುಕರಿಗೋಸ್ಕರ, ಹಬ್ಬ ಶುರುವಾಗುವ ಮೊದಲೇ ಜೂಮ್ ಹಾಕಿಟ್ಟು ಸೆದೆರ್ ಅನ್ನೋ ಹಬ್ಬದೂಟಕ್ಕೆ ಕೂರಬಹುದು ಅಂದರು. ಮುಖ್ಯ ರಬ್ಬಿಗಳು ಬೇಡವೇ ಬೇಡ ಅಂದರು. ನನಗೆ ಆ ಮೊರೊಕ್ಕೊದವರ ಮಾತೇ ಹಿಡಿಸಿದ್ದು. ಒಂಟಿತನವೂ ಮುದುಕರ ಜೀವ ತೆಗೆಯುತ್ತೆ ಅಂತ ಗೊತ್ತಿದ್ದವರು ಆಡೋ ಮಾತು ಅದು.

ಬಿಸಿಲುಕುದುರೆ · 4:02

ಬೆಳಿಗ್ಗೆ ‘ಚರ್ಚೆ ಏನಿದೆ’ ಅಂದಿದ್ದೆ. ವಾಪಸ್ ತಗೊಂಡೆ 🙏

ಕೊಚ್ಚಿಗೆ ಹೋದಾಗ ಮಟ್ಟಂಚೇರಿಯ ಪರದೇಶಿ ಸಿನಗಾಗ್ ನೋಡಿದ್ದೆ. 1568ರದ್ದು. ಊರಿನ ಯಹೂದಿಗಳೆಲ್ಲ ಇಸ್ರೇಲಿಗೆ ಹೋಗಿ ಅಲ್ಲಿ ಹತ್ತು ಗಂಡಸರೇ ಉಳಿದಿಲ್ಲವಂತೆ. ಹೊರಗಿನಿಂದ ಬಂದವರು ಸೇರಿದರೆ ಮಾತ್ರ ಪೂರ್ತಿ ಪ್ರಾರ್ಥನೆ. ಆಗ ಅದು ಏನು ಅಂತ ಅರ್ಥ ಆಗಿರಲಿಲ್ಲ, ನೆಲದ ನೀಲಿ ಟೈಲ್ಸ್ ನೋಡ್ಕೊಂಡು ಬಂದಿದ್ದೆ.

ಹಳೇಪುಟ · 4:15

ಕೊಚ್ಚಿ ಬಂತು ಅಂತ ಒಂದು ಅಡ್ಡಮಾತು. ಮುಂಬೈಯ ಮೊದಲ ಸಿನಗಾಗ್ 1796ರದ್ದು. ಅದನ್ನು ಕಟ್ಟಿಸಿದ ಸ್ಯಾಮುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು ಟಿಪ್ಪುವಿಗೆ ಸೆರೆ ಸಿಕ್ಕಿ ಬಿಡುಗಡೆಯಾಗಿ ಬಂದವರು ಅಂತ ಮುಂಬೈ ಕಡೆಯ ಯಹೂದಿಗಳಾದ ಬೆನೆ ಇಸ್ರೇಲ್ ಜನ ಹೇಳ್ತಾರೆ. ಅವರ ಪ್ರಕಾರ ಬಿಡಿಸಿದ್ದು ಟಿಪ್ಪುವಿನ ತಾಯಿ...

ನಿರ್ವಾಹಕರು · 4:17

ಟಿಪ್ಪು ವಿಷಯಕ್ಕೆ ದಯವಿಟ್ಟು ಬೇರೆ ಎಳೆ ತೆಗೆಯಿರಿ. ಇಲ್ಲಿ ಶುರುವಾದರೆ ರಾತ್ರಿ ನಾನು ಮಲಗಿದ ಹಾಗೇ!

ಹಿತ್ತಲಮನೆ · ಸೋಮವಾರ ಬೆಳಿಗ್ಗೆ 7:20

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಪಕ್ಕದ ಮನೆಯವರ ಹತ್ತಿರ ನೇರ ಕೇಳಿಯೇಬಿಟ್ಟೆ. ಹತ್ತು ಜನ ಹುಲ್ಲಿನ ಮೇಲೆ ನಿಂತಿದ್ದರೆ ಏನಾಗ್ತಿತ್ತು ಅಂತ. ಕಡಲತೀರ ಅಕ್ಕನ ಬಾಲ್ಕನಿ ಕಥೆಯನ್ನೂ ಹೇಳಿದೆ. ಬನಿಯನ್ ಮನುಷ್ಯನ ಹತ್ತಿರ ಬಂದಾಗ ಜೋರಾಗಿ ನಕ್ಕರು. ಆಮೇಲೆ ಹೇಳಿದ್ದನ್ನು ನೆನಪಿದ್ದಷ್ಟು ಬರೀತೀನಿ.

ತೊಂದರೆ ಇದ್ದದ್ದು ಹತ್ತನೆಯವನದು ಅಂದರು. ಬೇರೆ ಗುಂಪಿನಲ್ಲಿ ಒಬ್ಬನಿಗೆ ಗಂಟಲು ಕೆರೆದರೆ ಅವನು ಮನೆಯಲ್ಲಿ ಉಳೀತಾನೆ, ಯಾರಿಗೂ ನಷ್ಟ ಇಲ್ಲ. ಮಿನ್ಯಾನ್‌ನಲ್ಲಿ ಹಾಗಲ್ಲ. ಅವನು ಬರದಿದ್ದರೆ ಒಂಬತ್ತು ಜನ ಬಂದೂ ಪ್ರಯೋಜನ ಇಲ್ಲ. ಅದರಲ್ಲಿ ಒಬ್ಬ ಅಪ್ಪನನ್ನು ಕಳಕೊಂಡು ನಿಂತಿರುತ್ತಾನೆ. ಹಾಗಿರುವಾಗ ‘ನನಗೆ ಸ್ವಲ್ಪ ಮೈ ಬಿಸಿ ಇದೆ, ಬರಲ್ಲ’ ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ಮಾತ್ರೆ ನುಂಗಿ ಬರ್ತಾನೆ. ಇಲ್ಲವಾದರೆ 75 ವರ್ಷದ ಯಾರನ್ನೋ ಮನೆಯಿಂದ ಎಬ್ಬಿಸಿ ಕರ್ಕೊಂಡು ಬರ್ತೀವಿ. ‘ನನ್ನ ಕದ್ದಿಶ್‌ಗೆ ಅಂತ ಬಂದು ಯಾರಾದರೂ ಹೋಗಿದ್ದರೆ ನಾನು ಯಾರಿಗೆ ಕದ್ದಿಶ್ ಹೇಳಬೇಕಿತ್ತು?’ ಅಂತ ಕೇಳಿದರು.

ಸಬಾ ಅವರ ಬಾಲ್ಕನಿ ಯಾಕೆ ಸರಿ ಹೋಯ್ತು ಅಂದರೆ ಯಾರೂ ಮನೆ ಬಿಟ್ಟು ಬರಬೇಕಾಗಿರಲಿಲ್ಲ ಅಂದರು. ನಮ್ಮ ಬೀದಿಯಲ್ಲಿ ಒಂದೊಂದು ಮನೆಗೆ ಅರ್ಧ ಎಕರೆ, ಬಾಲ್ಕನಿಯೂ ಇಲ್ಲ.

ಹಾಗಂತ ರಬ್ಬಿಗಳ ಮೇಲೆ ಸಿಟ್ಟೇ ಇಲ್ಲವಾ ಅಂದೆ. ಇದೆ ಅಂದರು. ಮುಚ್ಚಿದ್ದಕ್ಕಲ್ಲ, ತೆರೆಯುವಾಗ ತಡ ಮಾಡಿದ್ದಕ್ಕೆ. ಬಯಲಲ್ಲಿ ಅಪಾಯ ಕಮ್ಮಿ ಅಂತ ಗೊತ್ತಾದ ಮೇಲೂ ಇನ್ನೊಂದು ವಾರ, ಇನ್ನೊಂದು ವಾರ ಅಂತ ತಳ್ಳಿದರು ಅನ್ನೋದು ಅವರ ದೂರು. ಬೇಸಿಗೆಯಲ್ಲಿ ಕೊನೆಗೂ ಯಾರದೋ ಹಿತ್ತಲಿನಲ್ಲಿ ಮಿನ್ಯಾನ್ ಶುರುವಾಯ್ತು. ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಗೋಲ ಬರೆದು, ಗೋಲಕ್ಕೊಂದು ಕುರ್ಚಿ. ಅದು ನನಗೂ ನೆನಪಿದೆ. ಸೊಳ್ಳೆ ಬತ್ತಿಯ ವಾಸನೆ ನಮ್ಮ ಮನೆವರೆಗೂ ಬರುತ್ತಿತ್ತು.

ದಾವಣಗೆರೆ ಡಾಕ್ಟ್ರು · 7:45

ಹತ್ತನೆಯವನ ಮಾತು ನನಗೆ ಹೊಳೆದೇ ಇರಲಿಲ್ಲ. ನಾವು ಎಷ್ಟು ಜನ, ಎಷ್ಟು ಅಡಿ, ಎಷ್ಟು ಹೊತ್ತು ಅಂತ ಲೆಕ್ಕ ಹಾಕ್ತೀವಿ. ಬರಲೇಬೇಕಾದ ಕಟ್ಟುಪಾಡು ಎಷ್ಟು ಅಂತ ಯಾರೂ ಅಳೆಯಲ್ಲ.

ಸೀದಾಮಾತು · 8:20

ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಜ್ವರ ನೋಡಿ ಒಳಗೆ ಬಿಡೋದು, ಹನ್ನೆರಡು ಹದಿಮೂರು ಜನರ ಪಟ್ಟಿ ಇಟ್ಕೊಂಡು ಹತ್ತು ಜನರನ್ನು ಕರೆಯೋದು, ಏನಾದರೂ ಮಾಡಬಹುದಿತ್ತು. ಎಲ್ಲವನ್ನೂ ಮುಚ್ಚೋದು ಸುಲಭದ ದಾರಿ. ನಿನ್ನೆ ‘ಇದೇ ಜನ’ ಅಂದದ್ದು ಮಾತ್ರ ತಪ್ಪಾಯ್ತು.

ಹಿತ್ತಲಮನೆ · 8:41

ಪಟ್ಟಿ ಆಮೇಲೆ ಬಂತಂತೆ ಸರ್. ಹೆಸರು ಬರೆಸಿದವರಿಗೆ ಮಾತ್ರ ಕುರ್ಚಿ, ಮೇಲೆ ಇಬ್ಬರು ಮೀಸಲು.

ಸೆಪ್ಟೆಂಬರ್‌ನಲ್ಲಿ ಅವರ ಹೊಸ ವರ್ಷ ರೋಶ್ ಹಶಾನಾ ಬಂದಾಗ ಇದಕ್ಕಿಂತ ಚೆಂದ ಮಾಡಿದರು. ಹಬ್ಬಕ್ಕೆ ಶೋಫಾರ್ ಅಂತ ಟಗರಿನ ಕೊಂಬು ಊದುತ್ತಾರೆ. ಅದನ್ನು ಕೇಳೋಕೆ ಹತ್ತು ಜನ ಬೇಕು ಅಂತಿಲ್ಲ, ಕಿವಿಗೆ ಬಿದ್ದರೆ ಸಾಕು. ಆ ವರ್ಷ ಮೊದಲ ದಿನ ಶನಿವಾರ, ಶಬ್ಬಾತ್ ಅಂತ ಊದಲಿಲ್ಲ. ಎರಡನೇ ದಿನ, ಸೆಪ್ಟೆಂಬರ್ 20ರ ಭಾನುವಾರ, ಒಂದೊಂದು ಬೀದಿ ಮೂಲೆಗೂ ಒಂದೊಂದು ಹೊತ್ತು ಗೊತ್ತು ಮಾಡಿದ್ದರು. ನಮ್ಮ ಮೂಲೆಗೆ ನಾಲ್ಕು ಗಂಟೆ. ಊದುವವರು ಕೊಂಬಿನ ಬಾಯಿಗೆ ಮಾಸ್ಕ್ ಕಟ್ಟಿದ್ದರು. ಜನ ಅವರವರ ಹುಲ್ಲಿನ ಮೇಲೆ ನಿಂತಿದ್ದರು. ನಮ್ಮ ಮಗಳು ಕೊಂಬಿಗೂ ಕೊರೊನಾ ಬಂದಿದೆಯಾ ಅಂತ ಜೋರಾಗಿಯೇ ಕೇಳಿಬಿಟ್ಟಳು.

ಜಯನಗರದ ಅಜ್ಜಿ · 9:10

😄 ಮಗುವಿಗೆ ನನ್ನ ಕಡೆಯಿಂದ ಒಂದು ಮುತ್ತು.

ಕಡಲತೀರ ಅವರೇ, ಆ ಸಬಾ ಅವರ ಮುಂದಿನ ವರ್ಷದ ತಿಥಿ ಆಯಿತಾಮ್ಮಾ?

ಕಡಲತೀರ · 10:30

ಆಯ್ತು ಅಮ್ಮ. 2021ರ ಏಪ್ರಿಲ್. ಅಷ್ಟರಲ್ಲಿ ಅವರಿಗೂ ನನಗೂ ಎರಡು ಡೋಸ್ ಲಸಿಕೆ ಆಗಿತ್ತು. ಸಿನಗಾಗ್ ತೆರೆದಿತ್ತು, ನಾನೇ ತಳ್ಳಿಕೊಂಡು ಹೋದೆ. ದಾರಿಯಲ್ಲಿ ಜನ ಸಾಕಾಗ್ತಾರಾ, ಸಾಕಾಗ್ತಾರಾ ಅಂತ ಹತ್ತು ಸಲ ಕೇಳಿದರು. ಒಳಗೆ ಹೋದರೆ ಇಪ್ಪತ್ತೈದಕ್ಕಿಂತ ಜಾಸ್ತಿ ಇದ್ದರು.

ಹಿಂದಿನ ಸಾಲಿನಲ್ಲಿ ಮೂರನೇ ಮಹಡಿಯವರು ಕೂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ತಲೆ ಮೇಲೆ ಅದೇ ಮದುವೆ ಟೋಪಿ. ಸಬಾ ಅವರನ್ನು ನೋಡಿ ನನ್ನ ಕಿವಿಯಲ್ಲಿ ‘ಇವನಿಗೆ ಪುಸ್ತಕ ಕೊಡು, ಪುಟ ಸಿಗಲಿಕ್ಕಿಲ್ಲ’ ಅಂದರು. ನಾನು ಕೊಟ್ಟೆ. ಅವರು ತಲೆಕೆಳಗಾಗಿ ಹಿಡಿದಿದ್ದರು, ಪಕ್ಕದವರು ತಿರುಗಿಸಿದರು.